ಅರಗಿನ ಮೇಲಿನ ಹೆಬ್ಬೆರಳು

ಸಾರಾ ಗಂಡ ಪಾಲನ ಬಲಗೈಯನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಹೆಬ್ಬೆರಳನ್ನು ಉಗುರುಬೆಚ್ಚಗಿನ ನೀರಿನ ಬಟ್ಟಲಲ್ಲಿ ಅದ್ದಿದಳು. ಪಕ್ಕದಲ್ಲಿ ಕೊಬ್ಬರಿ ಎಣ್ಣೆ ಸವರಿದ ಅರಿವೆ ಇತ್ತು. ಸೆರಗಿನ ಅಂಚಿಗೆ ಸೂಜಿ ಚುಚ್ಚಿಕೊಂಡಿದ್ದಳು. ಆ ಉಗುರಿನ ಸಂದಿಯಲ್ಲಿ ಕೆಂಪು ಅರಗು ಕೂತಿರುತ್ತದೆ. ಅದು ಸಾಬೂನಿಗೆ ಹೋಗುವುದಿಲ್ಲ. ಎಣ್ಣೆ ಹಚ್ಚಿ, ಮೆತ್ತಗಾದ ಮೇಲೆ ಸೂಜಿಯಿಂದ ಎಬ್ಬಿಸಬೇಕು. ಮದುವೆಯಾದ ಹೊಸತರಲ್ಲಿ ಪ್ರತಿ ಶನಿವಾರ ಸಂಜೆ ಅವಳು ಹೀಗೆಯೇ ತೆಗೆಯುತ್ತಿದ್ದಳು. ಭಾನುವಾರದ ಆರಾಧನೆಗೆ ಕೊಳೆ ಬೆರಳಿನಿಂದ ಹೋಗಬಾರದು ಎಂಬುದು ಅವಳ ಹಟ. ಈಗ ಅವನು ಹೊರಟಿರುವುದು ಅದಕ್ಕಿಂತ ದೊಡ್ಡ ಸನ್ನಿಧಿಗೆ.

ಬೆರಳನ್ನು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತೆಗೆಯಲು ಏನೂ ಇರಲಿಲ್ಲ. ಉಗುರು ಬೆಳ್ಳಗಿತ್ತು. ಅದರ ಕೆಳಗಿನ ಚರ್ಮ ಕೂಸಿನ ಚರ್ಮದಂತೆ ಮೆತ್ತಗಿತ್ತು.

"ಏನ್ ನೋಡ್ಲಕತ್ತಿ ಅವ್ವ?" ಎಂದು ಮಗಳು ಗ್ಲೋರಿ ಕೇಳಿದಳು. ಅವಳು ಔರಾದದಲ್ಲಿ ನರ್ಸ್. ಅಪ್ಪನ ಅಂಗಿಯ ಗುಂಡಿ ಹಾಕುತ್ತಿದ್ದಳು.

"ಅರಗು ಇಲ್ಲ."

"ದವಾಖಾನಿದಾಗ ತೆಗೆದಿರಬೇಕು. ಬೆರಳಿಗೆ ಕ್ಲಿಪ್ ಹಾಕ್ತಾರಲ್ಲ, ಉಗುರು ಸ್ವಚ್ಛ ಇರಬೇಕಾಗ್ತದ."

ಹೌದಿರಬೇಕು ಎಂದುಕೊಂಡು ಸಾರಾ ಕೈಯನ್ನು ಮೆಲ್ಲಗೆ ಅವನ ಎದೆಯ ಮೇಲೆ ಇಟ್ಟಳು. ಆದರೂ ಮನಸ್ಸು ಒಪ್ಪಲಿಲ್ಲ. ಕ್ಲಿಪ್ಪು ಹಾಕಿದ್ದು ತೋರುಬೆರಳಿಗೆ. ಅವಳೇ ನೋಡಿದ್ದಳು.

ಪಕ್ಕದ ಮನೆಯ ಬಿಸ್ಮಿಲ್ಲಾಬೀ ಚಹಾದ ಕೆಟಲಿ ಹಿಡಿದು ಒಳಗೆ ಬಂದಳು. ಹೆಣದ ಮುಂದೆ ಒಂದು ಗಳಿಗೆ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, "ಮುಖ ನೋಡ್ರಿ ಆಪಾ, ಎಷ್ಟು ಆರಾಮ ಆಗ್ಯಾದ. ದಸರಾದಿಂದ ಒಂದು ಉಸುರು ನೆಟ್ಟಗ ತಗೊಂಡಿದ್ದಿಲ್ಲ ಪಾಪ" ಎಂದಳು.

ಬಂದವರೆಲ್ಲ ಅದನ್ನೇ ಹೇಳುತ್ತಿದ್ದರು. ತಿಂಗಳುಗಟ್ಟಲೆ ಗೋಡೆಗೆ ಒರಗಿ ಕೂತು ಉಸಿರಿಗಾಗಿ ಹೆಣಗಿದ ಮನುಷ್ಯ ಬೆಳಗಿನ ಜಾವ ಮಲಗಿದಲ್ಲೇ ಹೋಗಿದ್ದ. ಕರ್ತನು ಕೈಹಿಡಿದು ಕರೆದುಕೊಂಡ ಎಂದು ಸಾರಾ ಕೂಡ ನಂಬಿದ್ದಳು. ಅಳು ಬಂದಿತ್ತು, ಅದರೊಳಗೆ ಒಂದು ಹಗುರವೂ ಇತ್ತು. ಆದರೆ ಒಂದು ಮಾತು ಗಂಟಲಲ್ಲಿ ಉಳಿದಿತ್ತು. ಅವನು ಇರುವಾಗಲೇ ಹೇಳಿಬಿಡಬೇಕಾಗಿದ್ದ ಮಾತು.

ಗ್ಲೋರಿ ಕೋಟನ್ನು ಝಾಡಿಸುತ್ತ ಹೇಳಿದಳು: "ಹಾವಗೆಪ್ಪ ಕಾಕಾ ಫೋನ್ ಮಾಡಿದ್ರು. ಭಾಲ್ಕಿ ಬಿಟ್ಟಾರಂತ. ಮನಿ ಮುಂದಿನ ಪ್ರಾರ್ಥನಿಗಿ ಮೈಕ್ ಸೆಟ್ ಅವರೇ ತರ್ತಾರಂತ. ಮತ್ತ ಒಂದು ಚೀಲ ತರ್ಲಕತ್ತೇನಿ, ನಿಮ್ಮವ್ವಗ ಹೇಳು ಅಂದ್ರು. ಏನದು ಚೀಲ?"

ಸಾರಾಳ ಕೈ ಗಂಡನ ಎದೆಯ ಮೇಲೆ ನಿಂತುಬಿಟ್ಟಿತು.

"ತೊಗರಿ ಇರಬೇಕು" ಎಂದಳು.

ಅವನ ಹೆಣದ ಮುಂದೆ ಕೂತು ಇನ್ನೊಂದು ಸುಳ್ಳು ಹೇಳಿದಂತಾಯಿತು.

*

ಪಾಲನ ಕಸುಬು ಚೋಕ್ ಸುತ್ತುವುದು. ಹಳೆಯ ವಾಲ್ವಿನ ಆಂಪ್ಲಿಫೈಯರ್‌ಗಳಲ್ಲಿ ಅಂಗೈ ಅಗಲದ ಒಂದು ಭಾರವಾದ ತುಂಡು ಇರುತ್ತದೆ. ನಡುವೆ ಕಬ್ಬಿಣದ ತೆಳು ತಗಡುಗಳು, ಸುತ್ತಲೂ ಕೂದಲಿನಂಥ ತಾಮ್ರದ ತಂತಿ. ಅದೇ ಚೋಕ್. ಕರೆಂಟು ವಾಲ್ವಿಗೆ ಹೋಗುವ ಮೊದಲು ಅದರ ಏರಿಳಿತವನ್ನು ಅದು ತಡೆದು ಸಮ ಮಾಡುತ್ತದೆ. ಅದು ಕೆಟ್ಟರೆ ಹಾಡಿನ ಕೆಳಗೆ ಗುಂಯ್ ಎಂಬ ಸದ್ದು ಎದ್ದು, ಹಾಡುವವರ ದನಿಯನ್ನೇ ನುಂಗುತ್ತದೆ. ಹಳ್ಳಿಯ ಕರೆಂಟಿಗೆ, ಮಳೆಗಾಲದ ತೇವಕ್ಕೆ ಚೋಕ್‌ಗಳು ಸುಡುತ್ತಿದ್ದವು. ಸುಟ್ಟದ್ದನ್ನು ಬಿಚ್ಚಿ, ತಗಡುಗಳನ್ನು ಒರೆಸಿ, ಹೊಸ ತಂತಿ ಸುತ್ತಿ ಕೊಡುವವರು ಬೀದರಿನಲ್ಲಿ ಒಂದು ಕಾಲಕ್ಕೆ ಹಲವರಿದ್ದರು. ಕೊನೆಗೆ ಮಂಗಲಪೇಟೆಯ ಈ ಮನೆಯ ಪಡಸಾಲೆಯಲ್ಲಿ ಪಾಲ ಒಬ್ಬನೇ ಉಳಿದಿದ್ದ.

ಅವನದೊಂದು ಪದ್ಧತಿ ಇತ್ತು. ಸುತ್ತಿದ ಚೋಕನ್ನು ಮನೆಯಲ್ಲಿದ್ದ ಒಂದು ಆಂಪ್ಲಿಫೈಯರ್‌ಗೆ ಜೋಡಿಸಿ, ಸ್ಪೀಕರಿಗೆ ಕಿವಿ ಹಚ್ಚಿ ಕೂಡುತ್ತಿದ್ದ. ಗುಂಯ್ ಸದ್ದು ಇಲ್ಲವೆಂದು ಖಾತ್ರಿಯಾದ ಮೇಲೆ, ತಂತಿಯ ತುದಿಗಳು ಹೊರಬರುವ ಜಾಗಕ್ಕೆ ಬಿಸಿ ಅರಗು ಬಿಟ್ಟು, ಅದು ಆರುವ ಮೊದಲು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಅದೇ ಅವನ ಮುದ್ರೆ. ಸದ್ದು ಬಂದರೆ ಅರಗು ಇಲ್ಲ. ಪೂರ್ತಿ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಹೆಬ್ಬೆರಳಿನ ಗುರುತಿಲ್ಲದ ಚೋಕ್ ಆ ಮನೆಯ ಹೊಸ್ತಿಲು ದಾಟಿರಲಿಲ್ಲ.

ಒಮ್ಮೆ ಭಾಲ್ಕಿಯ ಹಾವಗೆಪ್ಪ ಅವಸರದಲ್ಲಿದ್ದ. ಅವನು ಮೈಕ್ ಸೆಟ್ ಬಾಡಿಗೆ ಕೊಡುವವನು. ಮದುವೆ ಮೆರವಣಿಗೆಗೆ ಈಗಿನ ದೊಡ್ಡ ಸ್ಪೀಕರ್ ಡಬ್ಬಗಳನ್ನು ಇಟ್ಟುಕೊಂಡಿದ್ದರೂ, ಭಜನೆಯವರಿಗೆಂದು ಹಳೆಯ ವಾಲ್ವಿನ ಆಂಪ್ಲಿಫೈಯರ್‌ಗಳನ್ನು ಜೋಪಾನ ಮಾಡಿದ್ದ. ಆ ದನಿಯೇ ಬೇಕೆಂದು ಹಟ ಹಿಡಿಯುವ ಮುದುಕರು ಊರೂರಲ್ಲಿ ಇದ್ದರು. ಅಂದು ಸಂಜೆಗೇ ಕಾರ್ಯಕ್ರಮವಿತ್ತು, ಚೋಕಿನಲ್ಲಿ ಸಣ್ಣಗೆ ಸದ್ದು ಉಳಿದಿತ್ತು. ಇಷ್ಟು ಸದ್ದು ಯಾರಿಗೆ ಕೇಳ್ತದ, ಹಂಗೇ ಅರಗು ಹಚ್ಚಿ ಕೊಡ್ರಿ ಉಸ್ತಾದ್ರೆ ಎಂದು ಅವನು ಗೋಗರೆದ.

"ಕೇಳ್ತದೋ ಇಲ್ಲೋ ಅದು ಬ್ಯಾರೆ ಮಾತು ಹಾವಗೆಪ್ಪ. ಅದರ ಮ್ಯಾಲ ಬೆರಳು ನಂದು ಇರ್ತದ" ಎಂದು ಪಾಲ ಬಿಚ್ಚಲು ಕೂತ.

ಹಾವಗೆಪ್ಪ ಅಂದು ಬೈಯುತ್ತಲೇ ಹೋದ. ಮುಂದಿನ ವಾರ ಮತ್ತೆ ಬಂದ. ಹಾಗೆ ಎಷ್ಟೋ ವರ್ಷ ಬಂದ.

*

ಟೆಂಪೋ ಓಣಿಯ ತಿರುವಿನಲ್ಲಿ ನಿಂತಿತು. ಹಾವಗೆಪ್ಪ ಹಣೆಯ ವಿಭೂತಿ ಬೆವರಿಗೆ ಕರಗಿದ್ದನ್ನೂ ಲೆಕ್ಕಿಸದೆ, ತಾನೇ ಒಂದು ಆಂಪ್ಲಿಫೈಯರ್ ಹೊತ್ತು ತಂದು ಮನೆಯ ಮುಂದಿನ ಪೆಂಡಾಲಿನಲ್ಲಿ ಇಟ್ಟ. ಬೂದು ಬಣ್ಣದ ಹಳೆಯ ಪೆಟ್ಟಿಗೆ. ವಾಲ್ವುಗಳಿಗೆ ಗಾಳಿ ಆಡಲೆಂದು ಮೇಲ್ಗಡೆ ತೂತು ತೂತಿನ ತಗಡು. ಅದನ್ನು ಇಳಿಸಿ ಒಳಗೆ ಬಂದು ಪಾಲನ ಕಾಲಿನ ಹತ್ತಿರ ಕೂತ. ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ.

ಚೀಲವನ್ನು ಒಳಗೆ ತಂದವನು ವಿಶ್ವಾಸ. ಅವನು ಪಾಲನ ಚಿಕ್ಕಪ್ಪನ ಮಗ, ಬಗದಲ ಊರಿನ ರೈತ, ಸಾವಿನ ಮನೆಯಲ್ಲೂ ಬಾಯಿ ಮುಚ್ಚದವನು. ಗೋಣಿಚೀಲವನ್ನು ದರದರ ಎಳೆದು ತಂದು, ಸೊಂಟ ಹಿಡಿದುಕೊಂಡು, "ಏನ್ ತುಂಬೀರಿ ಹಾವಗೆಪ್ಪಣ್ಣ, ಭಾಲ್ಕಿ ಕಿಲ್ಲೇದ ಕಲ್ಲೇನು?" ಎಂದು ಕೇಳಿದ. ಕೂತ ಹೆಂಗಸರಲ್ಲಿ ಒಬ್ಬಿಬ್ಬರು ನಕ್ಕರು.

"ಒಳಗ ಒಯ್ಯಿ ವಿಶ್ವಾಸ. ಪಲಂಗದ ಕೆಳಗ ಇಡು" ಎಂದು ಸಾರಾ ಅವಸರದಿಂದ ಎದ್ದಳು.

ಅಡಿಗೆಮನೆಯಲ್ಲಿ ಇಬ್ಬರೇ ಇದ್ದಾಗ ಹಾವಗೆಪ್ಪ ತಲೆ ತಗ್ಗಿಸಿ ನಿಂತ. "ವೈನಿ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಅವರಿಲ್ಲ ಅಂತ ತಿಳಿದ ಮ್ಯಾಲ ಅವು ನನ್ನ ಮನ್ಯಾಗ ಇಡಲಾಕ ಆಗಲಿಲ್ಲ. ಒಗಿಲಾಕಂತೂ ಆಗಂಗೇ ಇಲ್ಲ. ನಿಮ್ಮ ಕೈಯಾಗ ಕೊಟ್ಟರ…"

"ಈ ಹೊತ್ತು ಬ್ಯಾಡ್ರಿ. ಅವರು ಇನ್ನಾ ಹೊರಗ ಮಲಗ್ಯಾರ."

"ಇನ್ನೊಂದು ಮಾತದ ವೈನಿ. ಆ ಆಂಪ್ಲಿಫೈಯರ್…"

"ಹಾವಗೆಪ್ಪ, ಕೈ ಮುಗಿತೇನಿ. ಆಂಪ್ಲಿಫೈಯರ್ ಸುದ್ದಿನೇ ಬ್ಯಾಡ."

ಅವನು ಬಾಯಿ ಮುಚ್ಚಿಕೊಂಡು ಹೊರಗೆ ಹೋದ. ಸಾರಾ ಒಲೆಯ ಕಟ್ಟೆ ಹಿಡಿದು ನಿಂತಳು. ಪೆಂಡಾಲಿನಲ್ಲಿ ಅವನು ಪೆಟ್ಟಿಗೆಯ ಸ್ವಿಚ್ ಹಾಕಿ, ವಾಲ್ವು ಬಿಸಿಯಾಗಲೆಂದು ಕಾಯುತ್ತಿರುವುದು ಬಾಗಿಲಿನಿಂದ ಕಾಣುತ್ತಿತ್ತು. ಆ ಪೆಟ್ಟಿಗೆಯ ಒಳಗೂ ಹೈದರಾಬಾದಿನಿಂದ ತಂದ ಸಿದ್ಧ ಚೋಕ್ ಇದೆ ಎಂದು ಅವಳಿಗೆ ಅನ್ನಿಸಿತು. ಗಂಡನ ಅಂತ್ಯಪ್ರಾರ್ಥನೆಯೂ ಅದರಲ್ಲೇ ಆಗಬೇಕು.

*

ಮೂರು ವರ್ಷದ ಹಿಂದೆ ಪಾಲನ ಕೈ ನಡುಗಲು ಸುರುವಾಯಿತು. ಅದಕ್ಕೂ ಮೊದಲೇ ಕಿವಿ ಮಂದವಾಗಿತ್ತು. ಆ ವರ್ಷ ಅವನು ಸುತ್ತಿದ ಒಂದು ಚೋಕ್ ಭಾಲ್ಕಿಯಲ್ಲಿ ಶರಣರ ಕೂಟದ ನಡುವೆಯೇ ಸುಟ್ಟಿತು. ಅದರ ಮೇಲೆ ಅರಗಿತ್ತು, ಬೆರಳ ಗುರುತೂ ಇತ್ತು. ನಡುಗುವ ಕೈಯಲ್ಲಿ ತಂತಿಯ ಮೇಲಿನ ತೆಳು ಬಣ್ಣ ಕೆರೆದುಹೋಗಿ, ಒಳಗೊಳಗೇ ಒಂದು ಸುತ್ತು ಇನ್ನೊಂದಕ್ಕೆ ತಗುಲಿತ್ತು.

ಹಾವಗೆಪ್ಪ ಅದನ್ನು ಪಾಲನಿಗೆ ಹೇಳಲಿಲ್ಲ. ಭಾನುವಾರ ಆರಾಧನೆ ಬಿಟ್ಟ ಮೇಲೆ ಚರ್ಚಿನ ಬಾಗಿಲಿಗೆ ಬಂದು ಸಾರಾಳಿಗೆ ಹೇಳಿದ. ಇನ್ನು ಕೆಲಸ ತರುವುದಿಲ್ಲ, ಅವರಿಗೆ ಏನಾದರೂ ನೆವ ಹೇಳಿರಿ ಎಂದ. ಹೇಳುವಾಗ ಅವನ ಕಣ್ಣು ತುಂಬಿದ್ದವು. ಸಾರಾ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮುಂಜಾನೆ ಎದ್ದು ಪ್ರಾರ್ಥಿಸಿ, ಕನ್ನಡಕ ಒರೆಸಿ, ಸುತ್ತುವ ಯಂತ್ರದ ಮುಂದೆ ಕೂಡುವುದೊಂದೇ ಆ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು.

"ತರೋದು ಬಿಡಬ್ಯಾಡ್ರಿ" ಎಂದು ಅವಳೇ ಬೇಡಿಕೊಂಡಳು. "ಅವರು ಸುತ್ತಲಿ. ನೀವು ಒಯ್ರಿ. ಒಯ್ದ ಮ್ಯಾಲ ಏನ್ ಮಾಡ್ತೀರಿ ಅಂತ ನಾ ಕೇಳಂಗಿಲ್ಲ."

ಅಂದಿನಿಂದ ಹಾವಗೆಪ್ಪ ಸುಟ್ಟ ಚೋಕ್ ತರುತ್ತಿದ್ದ, ಪಾಲ ಸುತ್ತುತ್ತಿದ್ದ. ಮೊದಲಿನಂತೆ ಹಾವಗೆಪ್ಪ ಕೂತು ಪರೀಕ್ಷೆ ನೋಡುತ್ತಿರಲಿಲ್ಲ. ಕಟ್ಟಿಟ್ಟದ್ದನ್ನು ಎತ್ತಿಕೊಂಡು ಹೋಗುತ್ತಿದ್ದ. ಪಾಲನೂ ಈಗ ಒಂದೊಂದನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ದಾರ ಬಿಗಿದು ಕೊಡುತ್ತಿದ್ದ. ಹಾವಗೆಪ್ಪನಿಗೆ ಆ ದಾರ ಬಿಚ್ಚಲು ಮನಸ್ಸಾಗುತ್ತಿರಲಿಲ್ಲ. ಹಾಗೆಯೇ ಚೀಲಕ್ಕೆ ಹಾಕಿ, ಆಂಪ್ಲಿಫೈಯರ್‌ಗೆ ಹೈದರಾಬಾದಿನ ಸಿದ್ಧ ಚೋಕನ್ನು ಕೂಡಿಸುತ್ತಿದ್ದ. ಮುಂದಿನ ಸಲ ಬಂದಾಗ, ಭಾಳ ಛಲೋ ಆಗ್ಯಾವ ಉಸ್ತಾದ್ರೆ ಎನ್ನುತ್ತಿದ್ದ. ಪಾಲ ನಕ್ಕು ತಲೆದೂಗುತ್ತಿದ್ದ.

ಸುತ್ತಿದ ಮೇಲೆ ಪಾಲ ಅದನ್ನು ಆಂಪ್ಲಿಫೈಯರ್‌ಗೆ ಜೋಡಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕಿವಿ ಹಚ್ಚುತ್ತಿರಲಿಲ್ಲ, ಪೆಟ್ಟಿಗೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ಕೂಡುತ್ತಿದ್ದ. ಕಿವಿ ಹೋದ ಮೇಲೆ ದೇವರ ಮೇಲೆ ಭಾರ ಹಾಕಿದ್ದಾನೆ, ಕೆಲಸದ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾನೆ ಎಂದು ಸಾರಾ ತಿಳಿದಿದ್ದಳು. ಅಂಥ ಹೊತ್ತಿನಲ್ಲಿ ಬಿಸ್ಮಿಲ್ಲಾಬೀ ಬಂದರೆ, ದುಆ ಮಾಡ್ಲಕತ್ತಾರ ಎಂದು ಬಾಗಿಲಲ್ಲೇ ನಿಲ್ಲುತ್ತಿದ್ದಳು. ಸಾರಾಳಿಗೆ ಆ ದೃಶ್ಯ ನೋಡಲಾಗುತ್ತಿರಲಿಲ್ಲ. ಸುಳ್ಳಾಗಲಿದ್ದ ಕೆಲಸಕ್ಕೆ ಅವನು ಆಶೀರ್ವಾದ ಬೇಡುತ್ತಿದ್ದಾನೆ, ಸುಳ್ಳು ಮಾಡಿದವಳು ತಾನು. ಪ್ರತಿ ಪ್ರಭುಭೋಜನದ ಭಾನುವಾರ, ಈ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದಳು. ಅವನ ಮುಖ ನೋಡಿದರೆ ನಾಲಗೆ ಏಳುತ್ತಿರಲಿಲ್ಲ.

ಹೋದ ಕ್ರಿಸ್ಮಸ್ಸಿನ ಮೊದಲು ಅವನು ಒಂದೇ ಒಂದು ಚೋಕ್ ಹಿಡಿದು ಕೂತಿದ್ದ. ದಿನಕ್ಕೆ ಒಂದಿಷ್ಟೇ ಸುತ್ತು. ಬೆಳಗಿನ ಪ್ರಾರ್ಥನೆ ಮುಗಿದೊಡನೆ, ಕೈ ತುಸು ನಿಲ್ಲುವ ಹೊತ್ತಿಗೆ. ಕೈ ನಡುಗತೊಡಗಿದರೆ ಅಷ್ಟಕ್ಕೇ ಬಿಡುತ್ತಿದ್ದ. ಸುತ್ತು ಸುತ್ತಿನ ನಡುವೆ ಎಣ್ಣೆ ಸವರಿದ ಕಾಗದ ಹಾಸುತ್ತಿದ್ದ. ಹಬ್ಬದ ವಾರದಲ್ಲಿ ಸಾರಾ ಕರ್ಚಿಕಾಯಿಗೆ ಮೈದಾ ಲಟ್ಟಿಸುತ್ತಿದ್ದಾಗ ಪಡಸಾಲೆಯಿಂದ ಕೂಗಿದ. ಹೋಗಿ ನೋಡಿದರೆ ಅರಗು ಕಾದು ಹೊಳೆಯುತ್ತಿತ್ತು. ಅವನ ಕೈ ಅದರ ಮೇಲೆ ನಿಲ್ಲದೆ ಅತ್ತಿತ್ತ ಹೋಗುತ್ತಿತ್ತು.

"ಇಲ್ಲಿ ಒತ್ತು" ಎಂದ.

"ಕೈ ಹಿಟ್ಟಾಗ್ಯಾದ್ರಿ."

"ಆಗಲಿ. ಆರ್ತದ, ಲಗು ಒತ್ತು."

ಅವಳು ಹೆಬ್ಬೆರಳಿನಿಂದ ಒತ್ತಿದಳು. ಬಿಸಿಗೆ ಬೆರಳು ಚುರ್ ಎಂದಿತು. ಅವನು ಅವಳ ಬೆರಳನ್ನು ತನ್ನ ಬಾಯಿಯ ಹತ್ತಿರ ತಂದು ಊದಿದ. ಕೂಸಿನಂತೆ ಖುಷಿಯಾಗಿದ್ದ. ಮುದುಕನ ಖುಷಿ ಎಂದು ಅವಳು ಒಲೆಯ ಮುಂದೆ ಹೋಗಿ ಕೂತು ಅತ್ತಿದ್ದಳು. ಆ ಚೋಕನ್ನೂ ಹಾವಗೆಪ್ಪ ಒಯ್ದ.

*

ಸಭಾಪಾಲಕರು ಪೆಂಡಾಲಿನಲ್ಲಿ ವಾಕ್ಯ ಓದಿ ಪ್ರಾರ್ಥಿಸಿದರು. ಹಳೆಯ ಪೆಟ್ಟಿಗೆಯಿಂದ ದನಿ ಓಣಿಯ ತುದಿಯವರೆಗೆ ತುಂಬಿ ಹೋಯಿತು. ಚರ್ಚಿನಲ್ಲಿ ಕೀರ್ತನೆಗಳಾದವು. ಎಲ್ಲರೂ ಎದ್ದು ಹಾಡುವಾಗ ಸಾರಾ ಪುಸ್ತಕ ತೆರೆದು ಹಿಡಿದಿದ್ದಳು. ಪಾಲನು ಕೈಗೆ ಬಂದ ಕೆಲಸವನ್ನು ಸತ್ಯವಾಗಿ ಮಾಡಿದ ಮನುಷ್ಯ ಎಂದು ಸಭಾಪಾಲಕರು ಹೇಳಿದಾಗ ಪಕ್ಕದಲ್ಲಿದ್ದ ಗ್ಲೋರಿ ಅವ್ವನ ಕೈ ಒತ್ತಿದಳು. ಸಾರಾ ಕೈ ಬಿಡಿಸಿಕೊಂಡಳು.

ಸ್ಮಶಾನದಲ್ಲಿ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಬೀದರಿನ ಕೆಂಪು ಮಣ್ಣು ಒಣಗಿ ಹರಳಾಗಿತ್ತು. ಗ್ಲೋರಿ ಒಂದು ಹಿಡಿ ಹಾಕಿದಳು, ವಿಶ್ವಾಸ ಹಾಕಿದ. ದೂರ ನಿಂತಿದ್ದ ಹಾವಗೆಪ್ಪನನ್ನು ಸಭಾಪಾಲಕರೇ ಕರೆದರು. ಅವನು ಚಪ್ಪಲಿ ಬಿಟ್ಟು ಬಂದು ಎರಡೂ ಕೈಯಿಂದ ಹಾಕಿದ. ಸಾರಾ ಮಣ್ಣು ಹಿಡಿದು ಬಗ್ಗಿದವಳು ಹಾಗೆಯೇ ನಿಂತಳು. ಪರಲೋಕದಲ್ಲಿ ಗಂಡನಿಗೆ ಈಗ ಎಲ್ಲ ತಿಳಿದಿರುತ್ತದೆ, ತನ್ನ ಹೆಂಡತಿ ಮೂರು ವರ್ಷ ತನಗೆ ಆಟದ ಸಾಮಾನು ಕೊಟ್ಟು ಕೂಡಿಸಿದ್ದಳೆಂದು ತಿಳಿದಿರುತ್ತದೆ ಎಂದುಕೊಂಡಳು. ಕೈ ಸಡಿಲವಾಗಿ ಮಣ್ಣು ತಾನೇ ಬಿತ್ತು.

*

ಮನೆಗೆ ಬಂದು ಕಾಲು ತೊಳೆದಾಗ ಬಿಸಿಲು ಇಳಿಯತೊಡಗಿತ್ತು. ಬಿಸ್ಮಿಲ್ಲಾಬೀ ಅನ್ನ, ಬೇಳೆ ಮಾಡಿ ಕಳಿಸಿದ್ದಳು. ಸಾಕಷ್ಟು ಜನ ಹೊರಟಿದ್ದರು. ಊಟಕ್ಕೆ ಜಾಗ ಮಾಡಲೆಂದು ವಿಶ್ವಾಸ ಪಲಂಗ ಸರಿಸಿದ. ಅದರ ಕಾಲು ಚೀಲದ ಮೂಲೆಗೆ ಸಿಕ್ಕಿತು. ಹಳೆಯ ಗೋಣಿ ಪರಪರ ಹರಿದು, ಪೇಪರಿನ ಕಟ್ಟುಗಳು ನೆಲದ ಮೇಲೆ ಉರುಳಿದವು.

"ತೊಗರಿ ಅಂದಿದ್ದಿ ಅವ್ವ" ಎಂದಳು ಗ್ಲೋರಿ.

ಸಾರಾ ಕೂತಲ್ಲಿಂದ ಏಳಲಿಲ್ಲ. ಗಂಟಲಲ್ಲಿದ್ದ ಮಾತು ತಡೆಯಿಲ್ಲದೆ ಹೊರಬಂತು. ಚರ್ಚಿನ ಮೆಟ್ಟಿಲಿನಿಂದ ಹಿಡಿದು ಕ್ರಿಸ್ಮಸ್ಸಿನವರೆಗೆ ಎಲ್ಲವನ್ನೂ ಹೇಳಿದಳು. ತಪ್ಪು ಹಾವಗೆಪ್ಪನದಲ್ಲ, ತನ್ನದು ಎಂದಳು. "ನಿಮ್ಮಪ್ಪಗ ನಾ ಮೋಸ ಮಾಡ್ದೆ ಗ್ಲೋರಿ. ಇವೆಲ್ಲಾ ಅವರು ಜೀವ ಹಾಕಿ ಸುತ್ತಿದ್ದು. ಒಂದೂ ಎಲ್ಲಿಗೂ ಹೋಗಲಿಲ್ಲ. ಅವರಿಗಿ ಹೇಳಲಿಲ್ಲ, ಹಂಗೇ ಕಳಿಸಿಬಿಟ್ಟೆ."

ವಿಶ್ವಾಸ ಏನಾದರೂ ಮಾಡಬೇಕೆಂದು ಕಟ್ಟುಗಳನ್ನು ಒಟ್ಟುಗೂಡಿಸುತ್ತ, ಒಂದರ ದಾರ ಸಡಿಲವಾದದ್ದನ್ನು ಕಂಡು ಪೇಪರು ಬಿಡಿಸಿದ. ತಿರುಗಿಸಿ ನೋಡಿದ. ಇನ್ನೊಂದನ್ನು ಬಿಡಿಸಿದ.

"ವೈನಿ, ಪಾಲಣ್ಣನ ಬೆರಳೆಲ್ಲದ?"

"ಏನು?"

"ಅರಗು. ನಾ ಸಣ್ಣವಿದ್ದಾಗ ನೋಡ್ತಿದ್ನಲ್ಲ, ಬೆರಳು ಒತ್ತದ ಹೊರಗ ಕೊಡ್ತಿದ್ದಿಲ್ಲ. ಇವಕ್ಕ ಅರಗೇ ಇಲ್ಲ."

ಹಾವಗೆಪ್ಪ ಬಾಗಿಲಿನಿಂದ ಒಳಗೆ ಬಂದು ಮೊಣಕಾಲೂರಿ ಕೂತ. ಇಷ್ಟು ದಿನ ಬಿಚ್ಚದೆ ಇಟ್ಟಿದ್ದ ದಾರಗಳನ್ನು ಒಂದೊಂದಾಗಿ ಹರಿದ. ತಾಮ್ರದ ತಂತಿ ಇತ್ತು, ತಗಡು ಇತ್ತು, ತುದಿಗಳನ್ನು ನೂಲಿನಿಂದ ಬಿಗಿದಿತ್ತು. ಅರಗು ಒಂದರ ಮೇಲೂ ಇರಲಿಲ್ಲ.

"ಮರೆತಿರಬೇಕು" ಎಂದಳು ಬಿಸ್ಮಿಲ್ಲಾಬೀ.

"ಒಂದಲ್ಲ, ಇಷ್ಟೂ ಮರಿತಾರೇನ್ರಿ" ಎಂದ ಹಾವಗೆಪ್ಪ. ಕೈಯಲ್ಲಿದ್ದ ಚೋಕನ್ನು ನೆಲದ ಮೇಲೆ ಇಟ್ಟ. "ವೈನಿ, ಅವರು ಪೆಟಗಿ ಮ್ಯಾಲ ಕೈ ಇಟ್ಟು ಕೂಡ್ತಿದ್ರಲ್ಲ. ಅದು ಪ್ರಾರ್ಥನಾ ಅಲ್ರಿ. ಇರಬಹುದು, ಅದೂ ಇರಬಹುದು. ಚೋಕ್ ಕೆಟ್ಟಿದ್ರ ತಗಡು ಸಣ್ಣಗ ನಡಗ್ತದ. ಕಿವಿ ಹೋದೋರಿಗೂ ಅಂಗೈಗ ಗೊತ್ತಾಗ್ತದ. ಅವರು ಕೇಳ್ತಿದ್ರು."

ಗ್ಲೋರಿ ನಿಧಾನವಾಗಿ ಅವ್ವನ ಪಕ್ಕ ಬಂದು ಕೂತಳು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅಪ್ಪ ಔರಾದಕ್ಕೆ ಬಂದು ತನ್ನ ಮನೆಯಲ್ಲಿ ನಾಲ್ಕು ದಿನ ಇದ್ದುದು ಅವಳಿಗೆ ನೆನಪಾಯಿತು. ಊಟಕ್ಕೆ ಕೂತಾಗ ತನ್ನಷ್ಟಕ್ಕೆ ನಕ್ಕಿದ್ದ, ಯಾಕೆಂದು ಕೇಳಿದ್ದಳು. ಅವನ ಉತ್ತರವನ್ನು ಈಗ ಅವ್ವನಿಗೆ ಹೇಳಿದಳು.

"'ಹಾವಗೆಪ್ಪ ಈಗೀಗ ಪರೀಕ್ಷಾ ನೋಡದೇ ಒಯ್ತಾನ. ಹೊಳ್ಳಿ ಬಂದು ಭಾಳ ಛಲೋ ಆಗ್ಯಾವ ಅಂತಾನ' ಅಂದ್ರು. ಮತ್ತೂ ನಕ್ರು. 'ನಿಮ್ಮವ್ವಗ ಸುಳ್ಳು ಹೇಳಲಾಕ ಬರಂಗಿಲ್ಲ. ಅವ ಅಂಗಳದಾಗ ಕಾಲಿಟ್ಟ ಅಂದ್ರ ಆಕಿ ಅಡಿಗಿಮನ್ಯಾಗ ಹೋಗಿ ಕೂಡ್ತಾಳ' ಅಂದ್ರು. ನನಗ ಏನೂ ತಿಳಿಲಿಲ್ಲ ಅವ್ವ. ಹಂಗಾರ ಯಾಕ ಸುತ್ತತೀರಿ, ಬಿಟ್ಟುಬಿಡ್ರಿ ಅಂದೆ. 'ನಾ ಬಿಟ್ಟರ ಅವ ಬರೋದು ಬಿಡ್ತಾನ' ಅಂದ್ರು."

ಹಾವಗೆಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ. ಅವನ ಹೆಗಲು ಕುಲುಕುತ್ತಿದ್ದವು. ಅಳುತ್ತಿದ್ದಾನೆಂದು ಎಲ್ಲರೂ ತಿಳಿದರು. ಟವೆಲು ತೆಗೆದಾಗ ಅಳುವಿನೊಳಗೆ ನಗುತ್ತಿದ್ದ. "ಮೂರು ವರ್ಷ ನಾ ನಾಟಕ ಮಾಡ್ದೆ ಅಂತ ತಿಳ್ಕೊಂಡಿದ್ದೆ. ಮುದುಕ ಎದುರು ಕೂತು ತಿಕೀಟ್ ತಗೊಳ್ದೇ ನೋಡ್ಯಾನ."

ವಿಶ್ವಾಸ ಮೊದಲು ನಕ್ಕ. ಬಿಸ್ಮಿಲ್ಲಾಬೀ ಬಾಯಿಗೆ ಸೆರಗು ಹಿಡಿದಳು. ಸಾರಾ ನಗಲಿಲ್ಲ. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಕಂಡ ಆ ಬಿಳಿಯ ಉಗುರು ಅವಳ ಕಣ್ಣ ಮುಂದೆ ಬಂತು. ಅರಗು ಯಾರೂ ತೆಗೆದಿರಲಿಲ್ಲ. ಮೂರು ವರ್ಷ ಅಲ್ಲಿ ಅರಗೇ ಇರಲಿಲ್ಲ. ಅವಳೂ ಕೈಹಿಡಿದು ನೋಡಿರಲಿಲ್ಲ. ಎದೆಯೊಳಗೆ ಬಹಳ ದಿನದಿಂದ ಬಿಗಿದುಕೊಂಡಿದ್ದ ಏನೋ ಒಂದು ಸುತ್ತು ಸುತ್ತಾಗಿ ಸಡಿಲವಾಯಿತು.

"ಒಂದಕ್ಕ ಅರಗು ಹಚ್ಚಿದ್ರು" ಎಂದಳು ಆಮೇಲೆ. "ಕ್ರಿಸ್ಮಸ್ಸಿನಾಗ. ಅದು ಇದರಾಗ ಇಲ್ಲೇನು?"

"ಅದನ್ನೇ ನಾ ಮುಂಜಾನಿಯಿಂದ ಹೇಳಬೇಕಂತಿದ್ದೆ" ಎಂದ ಹಾವಗೆಪ್ಪ. "ನೀವು ಬಾಯಿ ತೆಗಿಲಾಕೇ ಬಿಡಲಿಲ್ಲ."

ಅವನು ಎದ್ದು ಹೊರಗೆ ನಡೆದ. ಎಲ್ಲರೂ ಹಿಂದೆ ಹೋದರು. ಪೆಂಡಾಲಿನಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಬೂದು ಪೆಟ್ಟಿಗೆ ಇನ್ನೂ ಅಲ್ಲೇ ಇತ್ತು. ಸ್ಮಶಾನಕ್ಕೆ ಹೋಗುವ ಗಡಿಬಿಡಿಯಲ್ಲಿ ಅವನು ಅದನ್ನು ಆರಿಸಿರಲಿಲ್ಲ. ತೂತುಗಳ ಒಳಗೆ ವಾಲ್ವುಗಳು ಕೆಂಡದ ಹಾಗೆ ಕಾಣುತ್ತಿದ್ದವು.

ಇದು ಖಟಕ ಚಿಂಚೋಳಿಯ ಭಜನಾ ಮಂಡಳಿಯದು ಎಂದು ಅವನು ಹೇಳಿದ. ಸಂಕ್ರಮಣದ ಹೊತ್ತಿಗೆ ಅದರ ಚೋಕ್ ಸುಟ್ಟಿತ್ತು. ಹೈದರಾಬಾದಿನಲ್ಲಿ ಅದರ ಅಳತೆಯದು ಸಿಗಲಿಲ್ಲ. ಬೇರೆ ದಾರಿಯಿಲ್ಲದೆ ಕ್ರಿಸ್ಮಸ್ಸಿನ ಕಟ್ಟನ್ನು ಬಿಚ್ಚಿ, ಎಂದಾದರೂ ಸುಡುತ್ತದೆ ಎಂದು ಹೆದರುತ್ತಲೇ ಕೂಡಿಸಿದ್ದ. ಅದು ಸುಡಲೇ ಇಲ್ಲ. ಒಮ್ಮೆ ಪೆಟ್ಟಿಗೆಯನ್ನೇ ಹೊತ್ತು ತಂದು ಉಸ್ತಾದರ ಮುಂದೆ ಇಡಬೇಕೆಂದಿದ್ದ. ಮಂಡಳಿಯವರು ಶ್ರಾವಣ ಮುಗಿಯಲಿ ಎಂದರು. ಆಮೇಲೆ ದಸರಾ ಬಂತು. ಪಾಲ ಹಾಸಿಗೆ ಹಿಡಿದ.

"ಕೈ ಇಡ್ರಿ ವೈನಿ."

ಸಾರಾ ಕೈ ಚಾಚಿ, ಗಂಡ ಇಡುತ್ತಿದ್ದ ಹಾಗೆ ಪೆಟ್ಟಿಗೆಯ ಬದಿಯ ತಗಡಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದಳು. ಬೆಚ್ಚಗಿತ್ತು. ಅದರಾಚೆ ಒಂದು ನಡುಕವೂ ಇರಲಿಲ್ಲ. ಮಲಗಿದವರ ಎದೆಯಷ್ಟು ನಿಶ್ಚಿಂತೆಯಾಗಿತ್ತು.

ಹಾವಗೆಪ್ಪ ಸ್ವಿಚ್ ಆರಿಸಿದ. ಪೆಟ್ಟಿಗೆ ಆರುವವರೆಗೆ ಎಲ್ಲರಿಗೂ ಚಹಾ ಬಂತು. ಉಳಿದ ಕರೆಂಟು ಇಳಿದಿದೆಯೆಂದು ನೋಡಿಕೊಂಡು, ಅವನು ಅದನ್ನು ಮಗ್ಗುಲಿಗೆ ಮಲಗಿಸಿ ಕೆಳಗಿನ ತಗಡು ಬಿಚ್ಚಿದ. ಧೂಳಿನ ನಡುವೆ ಕೆಂಪು ಅರಗು ಹೊಳೆಯಿತು. ಅದರಲ್ಲಿ ಹೆಬ್ಬೆರಳಿನ ಗುರುತು, ಪಾಲನ ಬೆರಳಿಗಿಂತ ಸಣ್ಣದು. ಗೆರೆಗಳ ಸಂದಿಯಲ್ಲಿ ಮೈದಾ ಹಿಟ್ಟಿನ ಬಿಳಿ ಪುಡಿ ಇನ್ನೂ ಹಾಗೆಯೇ ಕೂತಿತ್ತು.

ಸಾರಾ ಸೆರಗಿನ ಸೂಜಿಯನ್ನು ತೆಗೆದು ಮಗಳ ಕೈಗೆ ಕೊಟ್ಟಳು. ಬಗ್ಗಿ, ತನ್ನ ಹೆಬ್ಬೆರಳನ್ನು ಆ ಗುಳಿಯಲ್ಲಿ ಇಟ್ಟಳು. ಅದು ಸರಿಯಾಗಿ ಕೂತಿತು.